ಬಸವಂತಪ್ಪನ ಪುಕ್ಕಟೆ ಊಟ

ಸ್ಟ್ಯಾನ್ಮೋರ್ ಸ್ಟೇಷನ್ನಿನ ಗೇಟಿನ ಬಳಿ ಕಿತ್ತಳೆ ಜಾಕೆಟ್ ತೊಟ್ಟು ನಿಂತಿರುವ ಬಸವಂತಪ್ಪನನ್ನು ನೀವು ನೋಡಿದ್ದರೂ ನೆನಪಿಟ್ಟಿರುವುದಿಲ್ಲ. ಕಾರ್ಡು ಮುಟ್ಟಿಸಿದರೂ ಗೇಟು ತೆರೆಯದಿದ್ದಾಗ ಮಾತ್ರ ಜನ ಅವನ ಕಡೆ ತಿರುಗುತ್ತಾರೆ, ಅದೂ ಬೈಯಲಿಕ್ಕೆ. ವಿಜಯಪುರ ಬಿಟ್ಟು ಈ ಪರದೇಶಕ್ಕೆ ಬಂದ ದಿನದಿಂದ ಅವನು ಯಾರಾದರೊಬ್ಬರ ಕೈಯಲ್ಲಿ ಬೈಸಿಕೊಳ್ಳುತ್ತಲೇ ಇದ್ದಾನೆ. ಮೊದಮೊದಲು ವೆಂಬ್ಲಿಯ ಒಂದೇ ಕೋಣೆಯಲ್ಲಿ ನಾವಿಬ್ಬರೂ ಚಾಪೆ ಹಾಸಿ ಮಲಗಿದವರು. ಹಾಗಾಗಿ ಅವನ ಬಗ್ಗೆ ಒರಟಾಗಿ ಮಾತಾಡುವ ಹಕ್ಕು ನನಗಿದೆ, ಅದನ್ನು ಪೂರ್ತಿ ಬಳಸಿಕೊಳ್ಳುತ್ತೇನೆ.

ಇದೇ ಬಸವಂತಪ್ಪ ಭಾನುವಾರ ಬಂತೆಂದರೆ ಕೋಟು ಹಾಕಿಕೊಂಡು ಊರ ನಡುವಿನ ಒಂದು ಕ್ಯಾಸಿನೊಗೆ ಹೋಗುತ್ತಿದ್ದ. ಅಲ್ಲಿ ಬಾಗಿಲು ಕಾಯುವವನು ಇವನನ್ನು ಕಂಡು ಬಾಗಿಲು ತೆಗೆಯುತ್ತಿದ್ದ. ‘ಮಿಸ್ಟರ್ ಬಿ’ ಎಂದು ಕರೆಯುತ್ತಿದ್ದರು, ಕೋಟು ಇಸಿದುಕೊಳ್ಳುತ್ತಿದ್ದರು, ಇವನು ಕೇಳುವ ಮೊದಲೇ ಸಕ್ಕರೆ ಹೆಚ್ಚು ಹಾಕಿದ ಚಹಾ ಬರುತ್ತಿತ್ತು. ಆರು ದಿನ ಬೈಸಿಕೊಂಡವನಿಗೆ ಏಳನೆಯ ದಿನ ಇಂಥ ಮರ್ಯಾದೆ ಸಿಕ್ಕರೆ ತಲೆ ತಿರುಗದೆ ಇರುತ್ತದೆಯೇ?

ಆಡುವ ಗಿರಾಕಿಗೆ ಕ್ಯಾಸಿನೊದವರು ಊಟ ಹಾಕುತ್ತಾರೆ, ಮನೆಗೆ ಟ್ಯಾಕ್ಸಿ ಕೊಡುತ್ತಾರೆ, ಒಮ್ಮೊಮ್ಮೆ ಹೋಟೆಲಿನಲ್ಲಿ ಕೋಣೆಯನ್ನೂ ಕೊಡುತ್ತಾರೆ. ಎಲ್ಲ ಪುಕ್ಕಟೆ. ಅಲ್ಲಿ ಅದಕ್ಕೆ ಕಾಂಪ್ ಅನ್ನುತ್ತಾರೆ. ಎಷ್ಟು ದೊಡ್ಡ ಪಣ ಕಟ್ಟುತ್ತೀರಿ, ಎಷ್ಟು ಹೊತ್ತು ಕೂರುತ್ತೀರಿ ಎಂಬುದನ್ನು ನೋಡಿ ಕಾಂಪ್ ಕೊಡುತ್ತಾರೆ. ಒಂದು ದಿನ ನೀವು ಗೆದ್ದರೂ ಅವರಿಗೆ ಬೇಸರವಿಲ್ಲ. ಕೂತವರು ಕೊನೆಗೆ ಸೋಲುತ್ತಾರೆ ಎನ್ನುವುದು ಅವರಿಗೆ ಗೊತ್ತು. ಬಸವಂತಪ್ಪ ಮಾತ್ರ ತಾನು ಅವರಿಗಿಂತ ಶಾಣ್ಯಾ ಎಂದುಕೊಂಡಿದ್ದ.

“ಏ, ಅಲ್ಲಿ ರೊಕ್ಕಾ ಗೆಲ್ಲಾಕ ಹೋಗಬಾರದಪಾ,” ಎಂದು ನನಗೆ ಪಾಠ ಹೇಳುತ್ತಿದ್ದ. “ಊಟಾ ಗೆಲ್ಲಾಕ ಹೋಗಬೇಕು. ತುಂಬಿದ ಟೇಬಲ್ಲಿಗೇ ಕುಂದರಬೇಕು, ಎಲಿ ಹಂಚೂದು ತಡಾ ಆಕ್ಕೈತಿ, ಸೋಲೂದೂ ತಡಾ. ಸೂಪರ್‌ವೈಸರ್ ನಮ್ಮ ಕಡೆ ನೋಡಿದಾಗ ದೊಡ್ಡದು ಹಚ್ಚೂದು. ಆ ಕಡೆ ಹೊಳ್ಳಿದನೋ, ಸಣ್ಣದು. ಅವರು ಕೊಟ್ಟ ಕಾಂಪ್ ಕಾರ್ಡ್ ಟೇಬಲ್ ಮ್ಯಾಲ ಬಿಟ್ಟು ಪಾಯಖಾನಿಗೆ ಹೋಗಿ ಆರಾಮ ಕುಂದ್ರು. ಆಡಿದ್ದು ಅರ್ಧ ತಾಸು, ಅವರ ಲೆಕ್ಕದಾಗ ಎರಡು ತಾಸು. ಹೊಂಡೂಮುಂದ ನಕ್ಕೋತ ಕೇಳೂದು, ಊಟಕ್ಕ ಏನರ ಐತೇನ್ರಿ ಅಂತ.”

ಈ ಕಸುಬಿನಲ್ಲಿ ಅವನು ಪಳಗಿದ್ದ ಎನ್ನುವುದನ್ನು ಒಪ್ಪಬೇಕು. ಕೈ ಬಿಟ್ಟು ಹೋಗುತ್ತಿದ್ದುದು ಅಷ್ಟಿಷ್ಟು, ಬರುತ್ತಿದ್ದುದು ಹತ್ತು ಜನರ ಊಟ. ಧಾರವಾಡದಿಂದ ಯಾರಾದರೂ ಬಂದರೆ, ಕಲಬುರಗಿಯ ದೂರದ ನೆಂಟರ ಮಗ ಓದಲಿಕ್ಕೆ ಬಂದಿಳಿದರೆ, ಬೆಂಗಳೂರಿನ ಸಾಫ್ಟ್‌ವೇರಿನವರಿಗೆ ಇಲ್ಲಿಯೇ ನೆಲೆಸುವ ಪರವಾನಗಿ ಸಿಕ್ಕರೆ, ಬಸವಂತಪ್ಪ ಎಲ್ಲರನ್ನೂ ಕ್ಯಾಸಿನೊದ ಮೇಲಿನ ಮಹಡಿಗೆ ಕರೆದೊಯ್ದು ಉಣ್ಣಿಸುತ್ತಿದ್ದ. ಬಿಲ್ಲಿನ ಮೇಲೆ ಸೊನ್ನೆ ಬಂದಾಗ ಅದನ್ನು ಎಲ್ಲರಿಗೂ ಕಾಣುವಂತೆ ಒಮ್ಮೆ ಎತ್ತಿ ಹಿಡಿದು ಸಹಿ ಹಾಕುತ್ತಿದ್ದ. ನಾನೂ ಹೊಟ್ಟೆ ಬಿರಿಯುವಷ್ಟು ಉಂಡಿದ್ದೇನೆ. ಮನೆಗೆ ಬಂದ ಮೇಲೆ ಅವನನ್ನು ಆಡಿಕೊಂಡು ನಕ್ಕಿದ್ದೂ ಇದೆ, ಮುಂದಿನ ವಾರ ಕರೆದರೆ ಮತ್ತೆ ಹೋಗಿದ್ದೂ ಇದೆ.

ಅವನಂಥ ಗಿರಾಕಿಗಳನ್ನು ನೋಡಿಕೊಳ್ಳಲು ಕ್ಯಾಸಿನೊದಲ್ಲಿ ಜೆಮ್ಮಾ ಎಂಬ ಹುಡುಗಿ ಇದ್ದಳು. ಅವನ ಹುಟ್ಟುಹಬ್ಬಕ್ಕೆ ಫೋನ್ ಮಾಡುತ್ತಿದ್ದಳು, ಯುಗಾದಿಗೂ ಮಾಡುತ್ತಿದ್ದಳು. ಯಾವ ದಿನ ಎಂದು ಅವಳ ಕಂಪ್ಯೂಟರ್ ನೆನಪಿಸುತ್ತಿತ್ತು. ಅವಳ ಮದುವೆಯಾದಾಗ ಬಸವಂತಪ್ಪ ಅವಳನ್ನು ವೆಂಬ್ಲಿಯ ಫ್ಲ್ಯಾಟಿಗೆ ಕರೆಸಿ ಹೆಂಡತಿ ಸುಶೀಲಾಬಾಯಿಯ ಕೈಯಿಂದ ಉಡಿ ತುಂಬಿಸಿದ. ನಮ್ಮ ಕಡೆ ತವರಿನ ಹೆಣ್ಣುಮಗಳಿಗೆ ತುಂಬುವ ಉಡಿ ಅದು. ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು, ಕುಪ್ಪಸಕ್ಕೆ ಗುಳೇದಗುಡ್ಡದ ಖಣ. ಜೆಮ್ಮಾ ಮಣೆಯ ಮೇಲೆ ಕೂತು ಸ್ಕರ್ಟು ಚಾಚಿ ಹಿಡಿದು ಫೋಟೋ ತೆಗೆಸಿಕೊಂಡಳು. ಅವತ್ತಿನಿಂದ ಬಸವಂತಪ್ಪ ಅವಳನ್ನು ‘ನಮ್ಮ ಹಿರೇಮಗಳು’ ಎನ್ನತೊಡಗಿದ. ಉಡಿ ತುಂಬಿಸಿಕೊಂಡ ಹುಡುಗಿ ತವರಿನ ಮಾನ ಬಿಟ್ಟುಕೊಡಲಾರಳು ಎಂದು ಅವನು ಪೂರ್ತಿ ನಂಬಿದ್ದ. ಸಂಬಳಕ್ಕೆ ನಗುವ ಹುಡುಗಿಯನ್ನು ಸಂಬಂಧಕ್ಕೆ ಸೇರಿಸಿಕೊಂಡಿದ್ದ, ಪೆದ್ದ.

ಅವನ ನಿಜವಾದ ಮಗಳು ಸ್ಫೂರ್ತಿ ಒಬ್ಬಳೇ. ಇಲ್ಲೇ ಹುಟ್ಟಿ ಇಲ್ಲೇ ಓದಿ, ಸ್ಟ್ಯಾನ್ಮೋರಿನ ಅನಿರುದ್ಧನನ್ನು ಮೆಚ್ಚಿ ಮದುವೆಯಾಗಿದ್ದಳು. ಬೀಗರು ಬೆಂಗಳೂರಿನವರು. ನರಸಿಂಹಮೂರ್ತಿ ದೊಡ್ಡ ಕಂಪನಿಯಲ್ಲಿದ್ದು ನಿವೃತ್ತರಾದವರು, ಅವರ ಹೆಂಡತಿ ವಿಶಾಲಾಕ್ಷಿ. ಸುತ್ತ ಹುಲ್ಲಿನ ಅಂಗಳವಿರುವ ಮನೆ, ಎರಡು ಕಾರು. ಅವರು ಟ್ರೇನು ಹತ್ತುವವರಲ್ಲ, ಹಾಗಾಗಿ ಬೀಗನನ್ನು ಕಿತ್ತಳೆ ಜಾಕೆಟ್ಟಿನಲ್ಲಿ ನೋಡುವ ಮುಜುಗರ ಅವರಿಗೂ ಬರಲಿಲ್ಲ, ಇವನಿಗೂ ಬರಲಿಲ್ಲ.

ಸ್ಫೂರ್ತಿ ಬಸುರಾದಾಗ ಮೊದಲ ಬಾಣಂತನ ಎಲ್ಲಿ ಎಂಬ ಮಾತು ಎದ್ದಿತು. ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಅಲ್ಲಿಂದ ಹಾಗೆಯೇ ಮಗಳನ್ನು ತವರಿಗೆ ಕರೆದುಕೊಂಡು ಹೋಗುವುದು ನಮ್ಮ ಪದ್ಧತಿ. ಸುಶೀಲಾಬಾಯಿಗೆ ಬದುಕಿನಲ್ಲಿ ಬೇರೆ ಆಸೆ ಇರಲಿಲ್ಲ. ಆಸ್ಪತ್ರೆಯ ವಾರ್ಡುಗಳಲ್ಲಿ ರೋಗಿಗಳಿಗೆ ಊಟ ಹಂಚುವ ಕೆಲಸ ಅವಳದು. ಸಂಬಳವಿಲ್ಲದ ರಜೆ ಹಾಕಿ ಮಗಳ ಬಾಣಂತನ ಮಾಡಬೇಕೆಂದು ವರ್ಷಗಳಿಂದ ದುಡ್ಡು ಕೂಡಿಟ್ಟಿದ್ದಳು, ಗಂಡನ ಬ್ಯಾಂಕ್ ಖಾತೆಯಲ್ಲಿ. ಮಲಗುವ ಕೋಣೆಯನ್ನು ಮಗಳಿಗೆಂದು ಖಾಲಿ ಮಾಡಿ, ಗೋಡೆಗೆ ಬಣ್ಣ ಹೊಡೆಸಿ, ಗಂಡ ಹೆಂಡತಿ ಹಾಲಿಗೆ ಬಂದಿದ್ದರು. ಸ್ಫೂರ್ತಿಗೂ ಅಮ್ಮನ ಬಳಿ ಇರಬೇಕೆಂದೇ ಆಸೆ.

ವಿಶಾಲಾಕ್ಷಿಗೆ ಮನಸ್ಸಿರಲಿಲ್ಲ. “ನಿಮ್ ಫ್ಲ್ಯಾಟಲ್ಲಿ ಲಿಫ್ಟೇ ಕೆಟ್ಟಿರುತ್ತಲ್ಲ ಬೀಗರೇ,” ಎಂದಳು. “ಆಮೇಲೆ ಖರ್ಚು ಬೇರೆ. ಸುಮ್ನೆ ನಿಮಗ್ಯಾಕೆ ತೊಂದರೆ?”

“ಸೀಮಂತ ಮುಗೀಲಿ, ಆಮೇಲೆ ನೋಡೋಣ ಬಿಡೇ,” ಎಂದು ನರಸಿಂಹಮೂರ್ತಿ ಮಾತು ಮುಗಿಸಿದರು. ನಮ್ಮ ಕುಬಸವನ್ನು ಅವರು ಸೀಮಂತ ಎಂದೇ ಕರೆಯುತ್ತಿದ್ದರು.

‘ಖರ್ಚು’ ಎಂಬ ಮಾತು ಬಸವಂತಪ್ಪನಿಗೆ ನಾಟಿತು. ಈಲಿಂಗ್ ರೋಡಿನಲ್ಲಿ ಒಂದು ಸಣ್ಣ ಹಾಲ್ ಹಿಡಿದು ಹೋಳಿಗೆ ಊಟ ಹಾಕಿಸಿದ್ದರೆ ಎಲ್ಲ ಸುಸೂತ್ರ ಮುಗಿಯುತ್ತಿತ್ತು. ಸುಶೀಲಾಬಾಯಿ ಅದನ್ನೇ ಹೇಳಿದಳು, ನಾನೂ ಹೇಳಿದೆ. ಇವನು ಕೇಳಲಿಲ್ಲ. ಕುಬಸ ಕ್ಯಾಸಿನೊದ ಮೇಲಿನ ಊಟದ ಕೋಣೆಯಲ್ಲೇ ಆಗಬೇಕು, ತನ್ನ ಕೋಟು ಇಸಿದುಕೊಳ್ಳುವುದನ್ನು ಬೀಗರು ನೋಡಬೇಕು, ಮಗಳನ್ನು ಸಾಕಬಲ್ಲ ತವರು ಇದು ಎಂದು ಅವರಿಗೆ ಗೊತ್ತಾಗಬೇಕು. ಜೆಮ್ಮಾಗೆ ಫೋನ್ ಮಾಡಿದ. ಅವಳು ಕೋಣೆ ಹಿಡಿದಿಟ್ಟಳು. ಊಟ ಪುಕ್ಕಟೆ ಎಂದು ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಮನೆಮಗಳ ಬಳಿ ಅದನ್ನು ಕೇಳುವುದು ಅವಮಾನ ಎಂದು ಇವನೂ ಕೇಳಲಿಲ್ಲ.

ಅದಕ್ಕೆ ಸ್ವಲ್ಪ ಮೊದಲು ಕ್ಯಾಸಿನೊದಲ್ಲಿ ಹೊಸ ಮೇಜುಗಳು ಬಂದಿದ್ದವು. ಪಣಕ್ಕಿಡುವ ಬಿಲ್ಲೆಗಳ ಹೊಟ್ಟೆಯಲ್ಲಿ ಏನೋ ಕೂರಿಸಿದ್ದರು. ಯಾರು ಎಷ್ಟಿಟ್ಟರು, ಯಾವಾಗ ಎದ್ದು ಹೋದರು ಎಂಬುದನ್ನು ಮೇಜೇ ಓದಿ ಹೇಳುತ್ತಿತ್ತು. ಸೂಪರ್‌ವೈಸರ್ ಈ ಕಡೆ ನೋಡಲಿ, ಆ ಕಡೆ ನೋಡಲಿ, ಒಂದೇ. ಬಸವಂತಪ್ಪನ ಎರಡು ತಾಸು ಒಮ್ಮೆಗೇ ಅರ್ಧ ತಾಸಾಯಿತು, ದೊಡ್ಡ ಪಣಗಳೆಲ್ಲ ಸಣ್ಣವಾದವು. ಇಷ್ಟಾದರೂ ಬಾಗಿಲವನು ಬಾಗಿಲು ತೆಗೆಯುತ್ತಿದ್ದ, ಜೆಮ್ಮಾ ನಗುತ್ತಿದ್ದಳು, ಚಹಾ ಬರುತ್ತಿತ್ತು. ಹಾಗಾಗಿ ಇವನಿಗೆ ಏನೂ ತಿಳಿಯಲಿಲ್ಲ.

ಕುಬಸದ ಭಾನುವಾರ ಮಧ್ಯಾಹ್ನ ನಾವೆಲ್ಲ ಹೋದೆವು. ಹದಿನೆಂಟು ತುಂಬದವರಿಗೆ ಕ್ಯಾಸಿನೊ ಒಳಗೆ ಪ್ರವೇಶವಿಲ್ಲ, ಹೀಗಾಗಿ ಮಕ್ಕಳಿದ್ದವರು ಬರಲಿಲ್ಲ. ಬಂದ ಮುತ್ತೈದೆಯರು ರೇಷ್ಮೆ ಸೀರೆಯಲ್ಲಿ ಬಾಗಿಲಲ್ಲಿ ಸಾಲಾಗಿ ನಿಂತು ಪಾಸ್‌ಪೋರ್ಟು ತೋರಿಸಿದರು. ಒಳಗೆ ಬೆಂಕಿ ಹಚ್ಚುವಂತಿಲ್ಲ ಎಂದು ಆರತಿಗೆ ಬ್ಯಾಟರಿ ದೀಪ ತಂದಿದ್ದರು. ವಯಸ್ಸಿನ ತಪಾಸಣೆ ತಪ್ಪಿದ್ದು ಹೊಟ್ಟೆಯಲ್ಲಿದ್ದ ಕೂಸಿಗೆ ಮಾತ್ರ.

“ಬೀಗರೇ, ಗ್ರ್ಯಾಂಡ್ ಆಗಿದೆ,” ಎಂದರು ನರಸಿಂಹಮೂರ್ತಿ, ಕೆಳಗಿನ ಜೂಜಿನ ಮೇಜುಗಳ ಕಡೆ ನೋಡದಂತೆ ಕತ್ತು ತಿರುಗಿಸಿಕೊಂಡು. ಬಸವಂತಪ್ಪ ಬೀಗಿಹೋದ.

ಎಲ್ಲರೂ ಕೂತ ಮೇಲೆ ಜೆಮ್ಮಾ ಅವನನ್ನು ಕೋಣೆಯ ಹೊರಗೆ ಕರೆದಳು. ನಾನು ಬಾಗಿಲಲ್ಲೇ ಇದ್ದೆ.

“ಮಿಸ್ಟರ್ ಬಿ, ಇವತ್ತಿನ ಊಟವನ್ನು ನಿಮ್ಮ ಕಾಂಪ್ ಕಾರ್ಡಿಗೆ ಹಾಕಲು ಆಗುತ್ತಿಲ್ಲ,” ಎಂದಳು ಇಂಗ್ಲಿಷಿನಲ್ಲಿ, ತುಂಬ ಮೃದುವಾಗಿ. “ಈಗ ನಿಮ್ಮ ಆಟಕ್ಕೆ ಬರುವುದು ಚಹಾ ಮತ್ತು ಸ್ಯಾಂಡ್‌ವಿಚ್. ಇಬ್ಬರಿಗೆ.”

“ಜೆಮ್ಮಾ, ನೀನು ನನ್ನ ಮಗಳಲ್ಲವೇ?” ಎಂದ ಇವನು.

“ಅದಕ್ಕೇ ಊಟ ಬಡಿಸುವ ಮೊದಲೇ ಹೇಳುತ್ತಿದ್ದೇನೆ. ನೀವು ಬಿಲ್ ಕೊಡಬಹುದು, ತೊಂದರೆ ಏನಿಲ್ಲ. ಇಲ್ಲವೇ ಇವತ್ತು ಕೆಳಗೆ ಆಡುವುದಾದರೆ, ಅದನ್ನು ತೋರಿಸಿ ಮ್ಯಾನೇಜರನ್ನು ಕೇಳಬಲ್ಲೆ.”

“ಬಿಲ್ ಕೊಟ್ಟು ಬಿಡೋ ಬಸ್ಯಾ,” ಎಂದೆ ನಾನು. “ಕಡಿಮಿ ಬಿದ್ದರ ನಾವು ನಾಕು ಮಂದಿ ಕೂಡಿ ಹಾಕ್ತೀವಿ. ಎಷ್ಟು ಸಲ ಉಂಡೀವಿ ನಿನ್ನ ಕಡೆ.”

“ನನ್ನ ಮಗಳ ಕುಬಸದ ಊಟಕ್ಕ ನೀವು ಪಟ್ಟಿ ಹಾಕ್ತೀರೇನ?” ಎಂದು ಹಲ್ಲು ಕಡಿದ. “ಆಯೇರಿ ಹೊತ್ತಿಗೆ ಬರ್ತೀನಿ, ಸುಶೀಲಾಗ ಹೇಳು.” ಬೀಗರಿಗೆ ಬಟ್ಟೆ ಕೊಟ್ಟು ಆಯೇರಿ ಮಾಡುವುದು ಹೆಣ್ಣಿನ ತಂದೆಯೇ. ಅದಾದ ಮೇಲೆಯೇ ಊಟ.

ಮುತ್ತೈದೆಯರು ಉಡಿ ತುಂಬಿದರು, ಹಾಡಿದರು, ಬಳೆ ತೊಡಿಸಿದರು. ಬಸವಂತಪ್ಪ ಬರಲಿಲ್ಲ. ಸುಶೀಲಾಬಾಯಿ ಕಣ್ಣಲ್ಲೇ ನನಗೆ ಸನ್ನೆ ಮಾಡಿದಳು. ನಾನು ಕೆಳಗಿಳಿದೆ.

ಬ್ಲ್ಯಾಕ್‌ಜ್ಯಾಕ್ ಮೇಜಿನಲ್ಲಿ ಅವನೊಬ್ಬನೇ ಕೂತಿದ್ದ. ತುಂಬಿದ ಮೇಜಿಲ್ಲ, ಪಾಯಖಾನೆಯ ಉಪಾಯವಿಲ್ಲ. ಎಲೆಗಳು ಸರಸರ ಬರುತ್ತಿದ್ದವು, ಅವನು ಪ್ರತಿ ಸಲವೂ ದೊಡ್ಡ ಬಿಲ್ಲೆಯನ್ನೇ ಇಡುತ್ತಿದ್ದ. ಹಾಳಾದವನು ಗೆಲ್ಲುತ್ತಲೂ ಇದ್ದ. ಮುಂದೆ ಬಿಲ್ಲೆಗಳು ಒಂದು ಗೇಣು ಎತ್ತರಕ್ಕೆ ನಿಂತಿದ್ದವು.

“ಏಳೋ, ಮ್ಯಾಲಿನ ಊಟದ ರೊಕ್ಕಾ ಕೈಯಾಗ ಬಂತು. ಕೊಟ್ಟು ನಡಿ,” ಎಂದೆ.

“ರೊಕ್ಕಾ ಕೊಟ್ಟು ಉಣ್ಣಸಾಕ ಇಷ್ಟು ವರ್ಷ ಇಲ್ಲಿ ಬರಬೇಕಿತ್ತೇನು?” ಎಂದ, ನನ್ನ ಕಡೆ ನೋಡದೆ. “ಬಿಲ್ಲಿನ ಮ್ಯಾಲ ಸೊನ್ನಿ ಇರಬೇಕು. ಅದನ್ನ ಬೀಗರು ನೋಡಬೇಕು. ಇನ್ನೊಂದೀಟು ಆಡಿದರ ಸಾಕಂತ, ಜೆಮ್ಮಾ ಹೇಳ್ಯಾಳ.”

ಅವತ್ತು ಅವನಿಗೆ ಕಪಾಳಕ್ಕೆ ಬಾರಿಸಬೇಕು ಎನ್ನಿಸಿತು. ಗೆದ್ದ ದುಡ್ಡು ಎದುರಿಗಿದೆ, ಮಗಳು ಮೇಲಿದ್ದಾಳೆ, ಇವನಿಗೆ ಬೇಕಾದದ್ದು ಒಂದು ಸೊನ್ನೆ. ಆಟದಲ್ಲಿ ಗೆಲ್ಲುವುದು ಅವನಿಗೆ ಯಾವತ್ತೂ ಬೇಕಿರಲಿಲ್ಲ. ಯಾರೋ ತನಗೆ ಮರ್ಯಾದೆಯಿಂದ ಪುಕ್ಕಟೆ ಉಣ್ಣಿಸಬೇಕು, ಅಷ್ಟೇ.

ಸೋಲು ಶುರುವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಗೇಣೆತ್ತರ ಬೆರಳೆತ್ತರವಾಯಿತು. ಆಮೇಲೆ ಬ್ಯಾಂಕಿನ ಕಾರ್ಡು ತೆಗೆದು ಇನ್ನಷ್ಟು ಬಿಲ್ಲೆ ತರಿಸಿದ. ನಿಯಮದ ಪ್ರಕಾರ ಜೆಮ್ಮಾ ಬಂದು ಕೇಳಿದಳು, “ಇವತ್ತಿನ ಖರ್ಚು ನಿಮಗೆ ಹೊರೆಯಾಗುತ್ತಿಲ್ಲ ತಾನೇ, ಮಿಸ್ಟರ್ ಬಿ?” ಇವನು ಇಲ್ಲ ಎಂದ. ಅವಳು ಥ್ಯಾಂಕ್ಯೂ ಎಂದು ಹೋದಳು. ಉಡಿ ತುಂಬಿಸಿಕೊಂಡ ಹೆಣ್ಣುಮಗಳ ಕೆಲಸ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಸ್ಫೂರ್ತಿಯೇ ಇಳಿದು ಬಂದಳು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ, ಹಣೆತುಂಬ ಕುಂಕುಮ, ಒಂದು ಕೈ ಸೊಂಟದ ಮೇಲೆ. ಜೂಜಾಡುತ್ತಿದ್ದವರೆಲ್ಲ ಎಲೆ ಬಿಟ್ಟು ಅವಳನ್ನು ನೋಡಿದರು. ಕಾಲು ನೋಯುತ್ತಿದ್ದುದರಿಂದ ಅಪ್ಪನ ಪಕ್ಕದ ಕುರ್ಚಿಗೆ ಕೈ ಹಾಕಿದಳು. ಅಲ್ಲಿನವನೊಬ್ಬ ನಗುತ್ತಲೇ ಬಂದು, ಕ್ಷಮಿಸಿ, ಈ ಕುರ್ಚಿಗಳು ಆಡುವವರಿಗೆ ಮಾತ್ರ ಎಂದ. ಬಸವಂತಪ್ಪ ಕೇಳಿಸಿಕೊಂಡ. ಇನ್ನೊಂದು ಬಿಲ್ಲೆ ಮುಂದಿಟ್ಟ.

“ಅಪ್ಪಾ, ಎವ್ರಿವನ್ ಈಸ್ ವೇಟಿಂಗ್,” ಎಂದಳು ಸ್ಫೂರ್ತಿ ನಿಂತುಕೊಂಡೇ. “ಅಮ್ಮ ಈಸ್ ಕ್ರೈಯಿಂಗ್. ಪ್ಲೀಸ್.”

“ಐದ ನಿಮಿಷವಾ,” ಎಂದ. ಮತ್ತೆ, ತಿರುಗದೆಯೇ, “ಹಿಂದ ನಿಂದರಬ್ಯಾಡ. ನಾ ಏಳತೀನಿ ಅಂತ ತಿಳಕೋತಾರ.”

ಅವಳು ಹೋಗಲಿಲ್ಲ. ಮೇಜಿನ ಮೇಲಿದ್ದ ಬ್ಯಾಂಕ್ ಕಾರ್ಡನ್ನು ನೋಡಿದಳು, ಬಿಲ್ಲೆಗಳನ್ನು ನೋಡಿದಳು.

“ಈಸ್ ದಿಸ್ ಅಮ್ಮನ ಮನಿ?” ಎಂದಳು. “ಫಾರ್ ಹರ್ ಲೀವ್?”

ಡೀಲರ್ ಎಲೆ ಹಂಚಿದ. ಬಸವಂತಪ್ಪ ಎಲೆ ನೋಡಿದ. ನಾನು ಅವಳ ಮೊಣಕೈ ಹಿಡಿದು ಮೆಲ್ಲನೆ ಲಿಫ್ಟಿಗೆ ಕರೆದುಕೊಂಡು ಹೋದೆ. ಲಿಫ್ಟಿನಲ್ಲಿ ಅವಳು ಅಳಲಿಲ್ಲ, ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ನಾವು ಮೇಲೆ ಹೋಗುವ ಹೊತ್ತಿಗೆ ಆಯೇರಿ ಮುಗಿದಿತ್ತು. ಗಂಡನಿಲ್ಲದೆ ಸುಶೀಲಾಬಾಯಿ ಒಬ್ಬಳೇ ಬೀಗರಿಗೆ ಬಟ್ಟೆ ಕೊಟ್ಟಿದ್ದಳು. ಬಡಿಸುವ ಮೊದಲು ಯಾರದಾದರೂ ಕಾರ್ಡು ಬೇಕು ಎಂದು ಊಟದ ಕೋಣೆಯವನು ಕೇಳಿದಾಗ ಅವಳು, “ನಮ್ಮ ಮನಿಯವರು ಈಗ ಬರ್ತಾರ್ರೀ,” ಎಂದು ಅವನಿಗೆ ಕನ್ನಡದಲ್ಲೇ ಹೇಳಿದಳಂತೆ. ಅವನಿಗೆ ಅದೇನು ಅರ್ಥವಾದೀತು? ನರಸಿಂಹಮೂರ್ತಿ ಎದ್ದು, “ಇರ್ಲಿ ಬಿಡಿ, ಅದೇನ್ ದೊಡ್ಡ ವಿಷಯ,” ಎಂದು ತಮ್ಮ ಕಾರ್ಡು ಕೊಟ್ಟರು. ಹೆಣ್ಣಿನವರು ಹಾಕಬೇಕಾದ ಊಟಕ್ಕೆ ಗಂಡಿನವರು ದುಡ್ಡು ಕೊಟ್ಟರು. ನಮ್ಮ ಕಡೆ ಬೀಗರ ಮುಂದೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಅದನ್ನೂ ಅವರು ಎಷ್ಟು ಸಭ್ಯವಾಗಿ ಮಾಡಿದರು ಅಂದರೆ ಸಿಟ್ಟು ಮಾಡಿಕೊಳ್ಳಲಿಕ್ಕೂ ಜಾಗ ಇರಲಿಲ್ಲ.

ತಟ್ಟೆಗಳನ್ನು ಎತ್ತುತ್ತಿದ್ದಾಗ ಬಸವಂತಪ್ಪ ಬಂದ. ಮುಖ ಬೆವರಿತ್ತು, ಹಿಂದೆ ಜೆಮ್ಮಾ. ಬಾಗಿಲಲ್ಲೇ ನಿಂತು ಕೈ ಎತ್ತಿ ಕೂಗಿದ, “ಎಲ್ಲಾರೂ ಆರಾಮ ಉಣ್ರಿ! ಇವತ್ತಿನ ಊಟಾ ಕ್ಯಾಸಿನೊದವರ ಕಡಿಂದ!”

ಅನಿರುದ್ಧ ಮೆಲ್ಲನೆ, “ಬಿಲ್ ಆಗ್ಲೇ ಅಪ್ಪ ಕೊಟ್ರು, ಮಾವ,” ಎಂದ.

ಜೆಮ್ಮಾಗೆ ಇಂಗ್ಲಿಷಿನಲ್ಲಿ ವಿಷಯ ತಿಳಿಸಿದಾಗ ಅವಳು ಖುಷಿಯಾದಳು. “ಹಾಗಾದರೆ ಇದನ್ನು ನಿಮ್ಮ ಕಾಂಪ್ ಕಾರ್ಡಿನಲ್ಲೇ ಇಟ್ಟಿರುತ್ತೇನೆ, ಮಿಸ್ಟರ್ ಬಿ. ಮುಂದಿನ ಸಲ ಬಂದಾಗ ಊಟ ಮಾಡಿ.”

ಬಸವಂತಪ್ಪ ಮಗಳ ಕಡೆ ತಿರುಗಿದ. ಅವನ ಕಣ್ಣಲ್ಲಿ ಹೊಳಪಿತ್ತು, ಅದನ್ನು ನಾನು ಮರೆಯಲಾರೆ. “ಛಲೋ ಆತು ನೋಡವಾ. ಕೂಸಿಗೆ ಹೆಸರಿಡೂ ಕಾರ್ಯಕ್ಕ ಇಟಗೊಳ್ಳೂಣು,” ಎಂದ.

ಕೆಳಗೆ ಬೀದಿಯಲ್ಲಿ ಬೀಗರ ಕಾರು ಬಂದು ನಿಂತಾಗ ಸ್ಫೂರ್ತಿ ಅಮ್ಮನ ಕೈ ಬಿಡಿಸಿಕೊಂಡು, “ಐ ವಿಲ್ ಗೋ ವಿತ್ ದೆಮ್, ಅಮ್ಮ,” ಎಂದಳು.

“ಖೋಲಿ ಎಲ್ಲಾ ತಯಾರ ಮಾಡೀನಲ್ಲಾ ಸ್ಫೂರ್ತಿ,” ಎಂದಳು ಸುಶೀಲಾಬಾಯಿ. “ಬಾಣಂತಿ ಖಾರಾ ಸೈತ ಕುಟ್ಟಿ ಇಟ್ಟೀನಿ.”

“ಯೂ ಹ್ಯಾವ್ ವರ್ಕ್, ಅಮ್ಮ. ಯು ಕಾಂಟ್ ಟೇಕ್ ಲೀವ್ ನೌ.”

ದುಡ್ಡು ಹೋಯಿತೆಂದು ಸುಶೀಲಾಬಾಯಿಗೆ ತಿಳಿದದ್ದು ಆಗಲೇ, ಹಾಗೆಯೇ. ಗಂಡನ ಕಡೆ ನೋಡಿದಳು. ಅವನು ಬಾಗಿಲವನ ಕೈಯಿಂದ ಕೋಟು ತೊಡಿಸಿಕೊಳ್ಳುತ್ತಿದ್ದ.

ಮಗು ಗಂಡು. ಅಚಿಂತ್ಯ ಎಂದು ಹೆಸರಿಟ್ಟರು, ಸ್ಟ್ಯಾನ್ಮೋರಿನ ಮನೆಯಲ್ಲಿ. ಸುಶೀಲಾಬಾಯಿ ಪಾಳಿ ಬದಲಿಸಿಕೊಂಡು ಬಂದಿದ್ದಳು. ತೊಟ್ಟಿಲಿಗೆ ಹಾಕಲೆಂದು ಅವಳು ಎತ್ತಿಕೊಂಡರೆ ಮಗು ಕಿಟಾರನೆ ಚೀರಿತು. ವಿಶಾಲಾಕ್ಷಿ ಇಸಿದುಕೊಂಡು ಎದೆಗೆ ಒರಗಿಸಿದ ಕೂಡಲೇ ಸುಮ್ಮನಾಯಿತು. “ದಿನಾ ನೀರು ಹಾಕೋ ಕೈ ಅಲ್ವಾ, ಗೊತ್ತಾಗುತ್ತೆ ಅದಕ್ಕೆ,” ಎಂದಳು ವಿಶಾಲಾಕ್ಷಿ. ಸುಶೀಲಾಬಾಯಿ ಹೌದ್ರೀ ಎಂದು ಅಡುಗೆಮನೆಗೆ ಹೋದಳು, ಊಟಕ್ಕೆ ಕರೆದರೂ ಹೊರಗೆ ಬರಲಿಲ್ಲ.

ಬಸವಂತಪ್ಪ ನಮ್ಮ ನಡುವೆ ಊಟಕ್ಕೆ ಕೂತಿದ್ದ. ಆ ಹೊತ್ತಿಗೆ ಕ್ಯಾಸಿನೊದ ಕಥೆ ಊರಿನ ಆ ತುದಿಯ ಸಟನ್ನಿನವರೆಗೂ ಹರಡಿತ್ತು, ಹರಡಿದವರಲ್ಲಿ ನಾನೂ ಒಬ್ಬ. ವಿಶಾಲಾಕ್ಷಿ ಹೋಳಿಗೆ ಬಡಿಸುತ್ತ ಬಂದಳು. ಅವನು ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದ.

“ಸಂಕೋಚ ಪಟ್ಕೋಬೇಡಿ ಬೀಗರೇ, ಇನ್ನೊಂದು ಹಾಕಿಸ್ಕೊಳ್ಳಿ,” ಎಂದಳು ಅವಳು ಎಲ್ಲರಿಗೂ ಕೇಳುವಂತೆ. “ನಮ್ಮನೇಲೂ ಫ್ರೀನೇ. ಆಟ ಆಡೋದೇನೂ ಬೇಡ.”

ಹಾಲ್ ತುಂಬ ನಗು ಎದ್ದಿತು. ಬಸವಂತಪ್ಪ ಮಗಳನ್ನು ಹುಡುಕಿದ. ಅತ್ತೆಗೆ ಅವಳು ಒಂದು ಮಾತು ಎದುರಾಡಿಯಾಳು ಎಂದು ಇರಬೇಕು. ಸ್ಫೂರ್ತಿ ಸೋಫಾದ ಮೇಲೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಅವಳೂ ನಗುತ್ತಿದ್ದಳು. ಬಸವಂತಪ್ಪ ಅಡ್ಡ ಹಿಡಿದ ಕೈಯನ್ನು ತೆಗೆದ.